ಕವಚ ವಾಹನದ ಚಾಸಿ: 1:10 ಅಳತೆಯ ಓಡುವ ಮಾದರಿ ಮಾಡುವುದು ಹೇಗೆ

ಪ್ರದರ್ಶನಕ್ಕೆ ಟ್ರ್ಯಾಕ್ (ಚಕ್ರಗಳ ಸುತ್ತ ಓಡುವ ಕೊಂಡಿಪಟ್ಟಿ) ಗಾಡಿ ಮಾಡುವ ಹುಡುಗರು ಮೊದಲು ಮೋಟರು ಹುಡುಕುತ್ತಾರೆ. ಮೊದಲು ಹಿಡಿಯಬೇಕಾದ್ದು ಸ್ಕೇಲು. ಟ್ರ್ಯಾಕ್ ನೆಲಕ್ಕೆ ತಾಗುವ ಉದ್ದವನ್ನು ಎರಡು ಟ್ರ್ಯಾಕ್‌ಗಳ ನಡುಗೆರೆಯ ಅಂತರದಿಂದ ಭಾಗಿಸಿ. ಸೈನಿಕರನ್ನು ಒಯ್ಯುವ ಅಮೆರಿಕದ ಕವಚ ವಾಹನ ಎಂ113ರಲ್ಲಿ ಇವು 2.67 ಮೀ., 2.16 ಮೀ.; ಭಾಗಿಸಿದರೆ 1.24. ಇದು 2ರ ಹತ್ತಿರ ಹೋದರೆ ಗಾಡಿ ನಿಂತಲ್ಲಿ ತಿರುಗುವುದಿಲ್ಲ. ಟ್ರ್ಯಾಕನ್ನು ಅಡ್ಡಕ್ಕೆ ಉಜ್ಜಲು ಬೇಕಾದ ಬಲ ನೆಲದ ಹಿಡಿತದಷ್ಟೇ ಆಗಿಬಿಡುತ್ತದೆ, ಎಷ್ಟು ದೊಡ್ಡ ಮೋಟರು ಹಾಕಿದರೂ ಟ್ರ್ಯಾಕ್ ಬರೀ ಜಾರುತ್ತದೆ.

ಹಾಗಾಗಿ ಉದ್ದ 267 ಮಿ.ಮೀ., ಅಂತರ 216, ಟ್ರ್ಯಾಕ್ ಅಗಲ 38, ಒಟ್ಟು ತೂಕ 3 ಕೆ.ಜಿ. ಟ್ರ್ಯಾಕನ್ನು ಎಳೆಯುವ ಹಲ್ಲುಚಕ್ರದ ತ್ರಿಜ್ಯ 25 ಮಿ.ಮೀ. ಇದ್ದರೆ ತಿರುಗಲು ಬದಿಗೆ ಸುಮಾರು 1.6 ಕೆ.ಜಿ.-ಸೆಂ.ಮೀ. ಟಾರ್ಕ್ (ತಿರುಗಿಸುವ ಬಲ) ಸಾಕು, ಕೆಸರಿನ ಲೆಕ್ಕ ಹಿಡಿದು 5 ಕೆ.ಜಿ.-ಸೆಂ.ಮೀ.ನದ್ದು, 12 ವೋಲ್ಟ್, 100 ಆರ್‌ಪಿಎಂ ಗೇರ್ ಮೋಟರ್ ಎರಡು ತನ್ನಿ. ಒಡಲಿಗೆ 6 ಮಿ.ಮೀ. ಪ್ಲೈವುಡ್. ಕೊಯ್ದ ಅಂಚಿಗೆ ಎರಡು ಸಲ ವಾರ್ನಿಶ್ ಬಳಿಯಿರಿ. ನಮ್ಮ ಆಟಿಯ ಮಳೆಗೆ ಹಸಿ ಅಂಚು ಉಬ್ಬಿ ಆಕ್ಸಲ್ ತೂತು ಬಿಗಿಯುತ್ತದೆ.

ಹೆಚ್ಚು ಕೆಲಸ ಕುಲುಕು ತಡೆಯುವ ಸಸ್ಪೆನ್ಶನ್‌ನದ್ದು. ಬದಿಗೆ 5 ಚಕ್ರ, ಒಂದೊಂದಕ್ಕೂ 30 ಮಿ.ಮೀ. ತೋಳು. ತೋಳಿನಿಂದ ಒಡಲಿನ ಅಡ್ಡಕ್ಕೆ 2 ಮಿ.ಮೀ. ಸ್ಪ್ರಿಂಗ್ ಸ್ಟೀಲ್ ತಂತಿ, ತಿರುಚುವ ಭಾಗ 150 ಮಿ.ಮೀ. ಗಾಡಿಯ ಭಾರಕ್ಕೆ ಚಕ್ರ ಸುಮಾರು 3 ಮಿ.ಮೀ. ಕುಸಿಯಬೇಕು. 3 ಮಿ.ಮೀ. ತಂತಿ ಹಾಕಿದರೆ 5 ಪಟ್ಟು ಬಿಗಿಯಾಗುತ್ತದೆ, ಕಲ್ಲು ಹತ್ತುವಾಗ ಗಾಡಿ ಮರದ ಹಲಗೆಯಂತೆ ಎದ್ದೇಳುತ್ತದೆ. ತಂತಿಯ ತುದಿಯನ್ನು ವೈಸ್‌ನಲ್ಲಿ ಹಿಡಿದು ತಣ್ಣಗೇ ಬಗ್ಗಿಸಿ. ಕಾಯಿಸಿದರೆ ಗಡಸು ಹೋಗುತ್ತದೆ. ಎಡಬಲದ ತಂತಿಗಳು ಒಂದೇ ಗೆರೆಯಲ್ಲಿ ಕೂರುವುದಿಲ್ಲವಾದ್ದರಿಂದ ಒಂದು ಬದಿಯ ಚಕ್ರಗಳು ತುಸು ಹಿಂದೆ ಬರುತ್ತವೆ. ಅಸಲಿ ಎಂ113ರಲ್ಲೂ ಹಾಗೆಯೇ.

ಹಲ್ಲುಚಕ್ರ ಮುಂದೆ, ಬಿಗಿ ಹೊಂದಿಸುವ ಚಕ್ರ ಹಿಂದೆ, ಅದರ ಆಕ್ಸಲಿಗೆ 15 ಮಿ.ಮೀ. ಉದ್ದದ ಸ್ಲಾಟ್. ಮೇಲಿನ ಟ್ರ್ಯಾಕನ್ನು ಬೆರಳಲ್ಲಿ ಎತ್ತಿದರೆ 4-5 ಮಿ.ಮೀ. ಏಳಬೇಕು. ಸಡಿಲವಿದ್ದರೆ ತಿರುವಿನಲ್ಲಿ ಕಳಚುತ್ತದೆ, ಬಿಗಿಯಾದರೆ ಮೋಟರು ಬಿಸಿಯಾಗುತ್ತದೆ. ಸರಿ ಬಿಗಿದರೂ ಕಳಚಿದರೆ ಹಿಂದಿನ ಚಕ್ರ ವಾಲಿದೆಯೇ ನೋಡಿ. ಹೆಚ್ಚಿನ ಸಲ ಅಲ್ಲೇ ದೋಷ.

ಟ್ರ್ಯಾಕಿನ ಕೊಂಡಿ ಜೋಡಿಸುವ ಪಿನ್ನಿಗೆ ಎಣ್ಣೆ ಬಿಡಬೇಡಿ. ಬದಿಯಡ್ಕ, ಕುಂಬಳೆ ಕಡೆಯ ಅಂಗಳದ ಮುರಕಲ್ಲಿನ ಹುಡಿ ಎಣ್ಣೆಗೆ ಅಂಟಿ ಪಿನ್ನನ್ನೇ ಅರೆಯುತ್ತದೆ. ಗದ್ದೆಗಿಳಿಸುವ ಮೊದಲು ಹಲ್ಲುಚಕ್ರದ ಪ್ರತಿ ಎರಡು ಹಲ್ಲಿನ ನಡುವಿನ ಬುಡದಲ್ಲೂ 4 ಮಿ.ಮೀ. ತೂತು ಕೊರೆಯಿರಿ. ಇಲ್ಲದಿದ್ದರೆ ಜೇಡಿ ಅಲ್ಲೇ ಗಟ್ಟಿಯಾಗಿ ಟ್ರ್ಯಾಕನ್ನು ಮೇಲೆತ್ತಿ ಬಿಗಿಯುತ್ತದೆ. ಒಂದೋ ಹಲ್ಲು ಜಿಗಿಯುತ್ತದೆ, ಇಲ್ಲವೇ ಪಿನ್ನು ತುಂಡಾಗುತ್ತದೆ. ಹೆಚ್ಚುವರಿ ಪಿನ್ನು ಹತ್ತಾದರೂ ಜೇಬಿನಲ್ಲಿರಲಿ.