ಮಗಳನ್ನ ಒಂದನೇ ಕ್ಲಾಸಿಗೆ ಸೇರಿಸೋ ಮೊದಲು ಮಳೇಲಿ ಹೋಗಿ ಶಾಲೆ ನೋಡಿದ್ವಿ

ಕೊಡಗಲ್ಲಿ ಮಕ್ಕಳನ್ನ ಒಂದನೇ ಕ್ಲಾಸಿಗೆ ಸೇರ್ಸೋಕೆ ಹೊರಟಿರೋರಿಗೆ ನಾನು ಮೊದಲು ಹೇಳೋದು ಏನಂದ್ರೆ, ಶಾಲೆ ನೋಡೋಕೆ ಏಪ್ರಿಲ್ ಮೇ ತನಕ ಕಾಯ್ಬೇಡಿ, ಹಿಂದಿನ ವರ್ಷದ ಜುಲೈನಲ್ಲೇ ಒಂದು ಸಲ ಹೋಗಿ ಬನ್ನಿ. ಬೇಸಿಗೇಲಿ ಎಲ್ಲಾ ಶಾಲೆನೂ ಚೆನ್ನಾಗೇ ಕಾಣುತ್ತೆ, ಗೋಡೆಗೆ ಬಣ್ಣ ಹೊಡೆದಿರ್ತಾರೆ, ಮೈದಾನ ಒಣಗಿರುತ್ತೆ, ಮಕ್ಕಳಂತೂ ಇರಲ್ಲ. ಹೆಂಚು ಎಲ್ಲಿ ಸೋರುತ್ತೆ, ಕರೆಂಟ್ ಹೋದ್ರೆ ಬೋರ್ಡ್ ಮೇಲಿನ ಅಕ್ಷರ ಕಾಣುತ್ತಾ, ತೊಪ್ಪೆ ಆಗಿ ಬಂದ ಮಗುನ ಟೀಚರ್ ಹೇಗೆ ನೋಡ್ಕೋತಾರೆ, ಇದೆಲ್ಲ ಗೊತ್ತಾಗೋದು ಮಳೆ ಹಿಡಿದ ಮೇಲೇನೇ.

ನಮ್ಮದು ಸುಂಟಿಕೊಪ್ಪ ಹತ್ರದ ಹಳ್ಳಿ, ಮನೇಲಿ ಅರೆಭಾಷೆ ಮಾತಾಡೋದು, ಸ್ವಲ್ಪ ಕಾಫಿ, ಅದರ ಜೊತೆ ಮೆಣಸು. ಕುಶಾಲನಗರ ಒಂದು ಕಡೆ, ಮಡಿಕೇರಿ ಇನ್ನೊಂದು ಕಡೆ, ಎರಡೂ ಹೆಚ್ಚುಕಮ್ಮಿ 15 ಕಿಲೋಮೀಟರ್. ಮಗಳಿಗೆ ಮೂರು ದಾರಿ ಇತ್ತು. ಊರಲ್ಲೇ ಇರೋ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ನಡ್ಕೊಂಡು ಹೋಗ್ಬಹುದು. ಪೇಟೆಯ ಅನುದಾನಿತ ಶಾಲೆ. ಇನ್ನೊಂದು ಕುಶಾಲನಗರ ಕಡೆಯ ಇಂಗ್ಲಿಷ್ ಮೀಡಿಯಂ, ಮನೆ ಹತ್ರದ ಜಂಕ್ಷನ್ನಿಗೇ ವ್ಯಾನ್ ಬರುತ್ತೆ. ಭಾವ ಅಂತೂ ಕುಶಾಲನಗರಕ್ಕೇ ಹಾಕಿ ಅಂತ ಪಟ್ಟು ಹಿಡಿದ್ರು, ಅವರ ಮಕ್ಕಳು ಓದಿದ್ದು ಅಲ್ಲೇ. ಅತ್ತೆ ಊರಿನ ಶಾಲೇನೇ ಸಾಕು ಅಂದ್ರು. ನಾನು ಯಾರ ಮಾತಿಗೂ ಹೂಂ ಅನ್ನದೆ ಮೂರೂ ಕಡೆ ಹೋಗಿ ಕಣ್ಣಾರೆ ನೋಡಿ ಬರ್ತೀನಿ ಅಂದೆ.

ಮೊದಲು ನೋಡಿದ್ದು ದಾರಿ. ವ್ಯಾನ್ ಶಾಲೆ ಆದ್ರೆ ಮಗಳು ಏಳೂಕಾಲಿಗೇ ರೆಡಿ ಆಗಿ ಜಂಕ್ಷನ್ನಲ್ಲಿ ನಿಂತಿರ್ಬೇಕು, ವ್ಯಾನ್ ಊರೂರು ಸುತ್ತಿ ಮಕ್ಕಳನ್ನ ಹತ್ತಿಸ್ಕೊಂಡು ಆನೆಕಾಡು ದಾಟಿ ಹೋಗ್ಬೇಕು, ಸಂಜೆ ಅದೇ ದಾರೀಲಿ ವಾಪಸ್. ಮಳೆಗಾಲದಲ್ಲಿ ಮರ ಬಿದ್ದು ರೋಡ್ ಬಂದ್ ಆಗೋದು ನಮಗೇನು ಹೊಸದಲ್ಲ, 2018ರ ಆಗಸ್ಟಲ್ಲಿ ಮಡಿಕೇರಿ ಮಾದಾಪುರ ಕಡೆ ಗುಡ್ಡ ಕುಸಿದಿದ್ದನ್ನ ನೋಡಿದ ಮೇಲಂತೂ ಜೋರು ಮಳೆ ಬಂದ್ರೆ ಮಗು 15 ಕಿಲೋಮೀಟರ್ ಆಚೆ ಇದೆ ಅನ್ನೋದೇ ಹೊಟ್ಟೇಲಿ ಸಂಕಟ. ಜಿಲ್ಲಾಧಿಕಾರಿಗಳು ಮಳೆ ರಜೆ ಕೊಡೋದು ಎಷ್ಟೋ ಸಲ ಹಿಂದಿನ ರಾತ್ರಿ, ಒಂದೊಂದ್ಸಲ ಬೆಳಿಗ್ಗೆ. ಊರಿನ ಶಾಲೆ ಮಗುಗೆ ಅದೇನೂ ತೊಂದ್ರೆ ಇಲ್ಲ, ವ್ಯಾನ್ ಮಗು ಅಷ್ಟೊತ್ತಿಗೆ ರೈನ್‌ಕೋಟ್ ಹಾಕ್ಕೊಂಡು ರೋಡಲ್ಲಿ ನಿಂತಿರುತ್ತೆ. ಹಾಗಂತ ಊರಿನ ದಾರಿ ಪೂರ್ತಿ ಸುರಕ್ಷಿತ ಅಂತಾನೂ ಅಲ್ಲ, ತೋಟದೊಳಗಿನ ದಾರೀಲಿ ಆನೆ ಬರುತ್ತೆ. ಅದಕ್ಕೇ ಶಾಲೇಲಿ ಕೇಳಿದೆ, ಆನೆ ಇದೆ ಅಂತ ಗೊತ್ತಾದ ದಿನ ಏನ್ ಮಾಡ್ತೀರಿ ಅಂತ. ತಡವಾಗಿ ಬಂದ್ರೂ ಹಾಜರಿ ಹಾಕ್ತೀವಿ, ಸಂಜೆ ಮಕ್ಕಳನ್ನ ಒಬ್ಬೊಬ್ಬರನ್ನೇ ಬಿಡಲ್ಲ, ದೊಡ್ಡವರು ಬಂದ ಮೇಲೇನೇ ಕಳ್ಸೋದು ಅಂದ್ರು ಹೆಡ್‌ಮಾಸ್ಟ್ರು. ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟ ಕಡೆ ಇರೋರು ಈ ಪ್ರಶ್ನೆ ಕೇಳದೆ ಮಗುನ ಸೇರಿಸ್ಲೇಬೇಡಿ.

ಆಮೇಲೆ ಒಂದನೇ ಕ್ಲಾಸಿನ ರೂಮು. ನನ್ನ ಪ್ರಕಾರ ಶಾಲೆ ಅಂದ್ರೆ ಆ ಒಂದು ರೂಮೇ, ಮಿಕ್ಕಿದ್ದನ್ನ ನಿಧಾನಕ್ಕೆ ನೋಡ್ಬಹುದು. ಸರ್ಕಾರಿ ಶಾಲೇಲಿ ಒಂದರಿಂದ ಮೂರನೇ ಕ್ಲಾಸ್ ತನಕ ನಲಿ-ಕಲಿ, 1995ರಲ್ಲಿ ಎಚ್.ಡಿ.ಕೋಟೆ ತಾಲೂಕಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲಾ ಬಂದಿದ್ದು, ಮೂರೂ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂತು ಕಲಿತಾರೆ. ಒಂದನೇ ಕ್ಲಾಸ್ ಮಗುನ ಮೂರನೇ ಕ್ಲಾಸ್ ಜೊತೆ ಕೂರಿಸಿದ್ರೆ ಅದು ಏನ್ ಕಲಿಯುತ್ತೆ ಅಂತ ನನಗೂ ಅನ್ನಿಸಿತ್ತು. ಪರ್ಮಿಶನ್ ಕೇಳಿ ಹಿಂದೆ ಕೂತು ನೋಡಿದೆ. ಒಬ್ಬ ಹುಡುಗ ಎದ್ದು ಹೋಗಿ ಗೋಡೆ ಮೇಲಿನ ಕಲಿಕಾ ಏಣಿ, ಅಂದ್ರೆ ಕಲಿಕೆಯ ಮೆಟ್ಟಿಲುಗಳನ್ನ ಚಿತ್ರಗಳಲ್ಲಿ ತೋರಿಸೋ ಪಟ್ಟಿ, ಅದರ ಹತ್ರ ನಿಂತು, ತಾನು ಎಲ್ಲಿದೀನಿ ಅಂತ ಬೆರಳಿಟ್ಟು ನೋಡಿ, ಆ ಚಿತ್ರ ಇರೋ ಕಾರ್ಡನ್ನ ತಾನೇ ಹುಡುಕಿ ತಗೊಂಡು ಸರಿಯಾದ ತಟ್ಟೆಗೆ ಹೋಗಿ ಕೂತ. ತಟ್ಟೆ ಅಂದ್ರೆ ಗುಂಪು, ಟೀಚರ್ ಪೂರ್ತಿ ಸಹಾಯ ಬೇಕಾದೋರು ಒಂದು ತಟ್ಟೆ, ಸ್ವಲ್ಪ ಬೇಕಾದೋರು ಒಂದು, ಗೆಳೆಯರ ಜೊತೆ ಕಲಿಯೋರು ಒಂದು, ಹೀಗೆ. ಅವನಿಗೆ 'ರ' ಮತ್ತೆ 'ಗ' ಅದಲು ಬದಲಾಗ್ತಿತ್ತು, ಪಕ್ಕದಲ್ಲಿದ್ದ ದೊಡ್ಡ ಹುಡುಗಿ ಅವನ ಕೈ ಹಿಡಿದು ಸ್ಲೇಟಲ್ಲಿ ತಿದ್ದಿಸಿದ್ಲು, ಟೀಚರ್ ಆ ಕಡೆಯಿಂದ ನೋಡ್ತಾ ಇದ್ರು, ಮಧ್ಯ ಬಾಯಿ ಹಾಕ್ಲಿಲ್ಲ. ಅರ್ಧ ಗಂಟೆ ಕೂತಿದ್ದೆ, ಯಾರಿಗೂ ಒಂದು ಗದರಿಕೆ ಕೇಳಿಸಲಿಲ್ಲ. ಇದೇ ನಲಿ-ಕಲಿ ಕಾರ್ಡುಗಳು ಕಟ್ಟು ಬಿಚ್ಚದೆ ಬೀರುವಲ್ಲಿ ಇರೋ ಶಾಲೇನೂ ಇರುತ್ತೆ, ಹಾಗಾಗಿ ಪದ್ಧತಿ ಹೆಸರು ಕೇಳಿ ತೃಪ್ತಿ ಪಟ್ಕೊಂಡು ಬರ್ಬೇಡಿ, ಕಾರ್ಡಿನ ಅಂಚು ಮಕ್ಕಳ ಕೈ ತಾಗಿ ಸವೆದಿದ್ಯಾ ಅಂತ ನೋಡಿ.

ಆ ರೂಮಲ್ಲಿದ್ದ ಭಾಷೆಗಳನ್ನ ಹೇಳ್ಲೇಬೇಕು. ಕೊಡವ ತಕ್ಕ್, ನಮ್ಮ ಅರೆಭಾಷೆ, ಮಲಯಾಳ, ತುಳು, ತಮಿಳು, ಯರವ, ಜೊತೆಗೆ ಅಸ್ಸಾಂನಿಂದ ತೋಟದ ಕೆಲಸಕ್ಕೆ ಬಂದು ಲೈನ್‌ಮನೇಲಿ ಇರೋರ ಮಕ್ಕಳು. ಇಷ್ಟು ಮಕ್ಕಳಿಗೆ ಒಟ್ಟಿಗೆ ಕನ್ನಡ ಓದೋಕೆ ಬರೆಯೋಕೆ ಕಲಿಸೋದು ಅಂದ್ರೆ ಸಣ್ಣ ಕೆಲಸ ಅಲ್ಲ, ಆ ಟೀಚರ್ ಬಗ್ಗೆ ನನಗಿರೋ ಗೌರವ ಇವತ್ತಿಗೂ ಹಾಗೇ ಇದೆ. ನೀವು ಹೋದಾಗ ಮನೆಭಾಷೇಲಿ ಉತ್ತರ ಕೊಟ್ಟ ಮಗುಗೆ ಟೀಚರ್ ಏನಂತಾರೆ ಅಂತ ಗಮನಿಸಿ. ಬೈದು ಸುಮ್ಮನಾಗಿಸ್ತಾರಾ, ಇಲ್ಲಾ ಅದನ್ನೇ ಹಿಡ್ಕೊಂಡು ಕನ್ನಡಕ್ಕೆ ತರ್ತಾರಾ?

ಟೀಚರ್‌ಗಳ ಲೆಕ್ಕ ಕೇಳೋಕೆ ಸಂಕೋಚ ಬೇಡ. ಆರ್‌ಟಿಇ, ಅಂದ್ರೆ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಐದನೇ ಕ್ಲಾಸ್ ತನಕ 60 ಮಕ್ಕಳಿರೋವರೆಗೂ ಇಬ್ಬರು ಟೀಚರ್ ಅಂತ ಲೆಕ್ಕ. ನಮ್ಮ ಕಡೆ ಎಷ್ಟೋ ಕಿರಿಯ ಪ್ರಾಥಮಿಕ ಶಾಲೇಲಿ ಮಕ್ಕಳೇ ಕಡಿಮೆ, ಅಲ್ಲಿ ಇರೋ ಇಬ್ಬರಲ್ಲಿ ಒಬ್ಬರು ಮೀಟಿಂಗು, ಟ್ರೈನಿಂಗು, ಗಣತಿ ಅಂತ ಹೋದ್ರೆ ಐದು ಕ್ಲಾಸೂ ಒಬ್ಬರ ತಲೆ ಮೇಲೆ. ಕಾಯಂ ಟೀಚರ್ ಎಷ್ಟು ಜನ, ಅತಿಥಿ ಶಿಕ್ಷಕರು ಎಷ್ಟು ಜನ, ಒಂದನೇ ಕ್ಲಾಸ್ ಯಾರ ಕೈಲಿದೆ, ಅವರು ವರ್ಗಾವಣೆಗೆ ಹಾಕಿದಾರಾ, ಇದನ್ನೆಲ್ಲಾ ನಾನು ನೇರವಾಗೇ ಕೇಳಿದೆ, ಹೆಡ್‌ಮಾಸ್ಟ್ರು ಬೇಜಾರಿಲ್ಲದೆ ಹೇಳಿದ್ರು. ನಿಮ್ಮೂರಲ್ಲಿ ಒಬ್ಬರೇ ಟೀಚರ್ ಇದ್ದು, ಅವರೂ ಬೇರೆ ಕಡೆಯಿಂದ ವಾರಕ್ಕೆ ಕೆಲವು ದಿನ ಬಂದು ಹೋಗೋದಾದ್ರೆ, ಹತ್ರ ಇದೆ ಅಂತ ಅಲ್ಲಿ ಹಾಕಿ ಅಂತ ನಾನು ಹೇಳಲ್ಲ. ಅಂಥಾ ಕಡೆ ಇರೋರು ಸ್ವಲ್ಪ ದೂರದ ಹಿರಿಯ ಪ್ರಾಥಮಿಕ ಶಾಲೇನೋ, ಹತ್ರ ಇದ್ರೆ ಕರ್ನಾಟಕ ಪಬ್ಲಿಕ್ ಶಾಲೇನೋ ನೋಡೋದು ಒಳ್ಳೇದು.

ಇಂಗ್ಲಿಷ್ ವಿಷ್ಯ ನಮ್ಮ ಮನೇಲಿ ದೊಡ್ಡ ಚರ್ಚೆಯೇ ಆಯ್ತು. 2019-20ರಿಂದ ರಾಜ್ಯದ ಸಾವಿರ ಸರ್ಕಾರಿ ಶಾಲೇಲಿ ಇಂಗ್ಲಿಷ್ ಮಾಧ್ಯಮ ಶುರು ಮಾಡಿದ್ರು, ಆಮೇಲೆ ಇನ್ನಷ್ಟು ಸೇರಿದ್ವು, ನಮ್ಮೂರಿಂದು ಅದರಲ್ಲಿ ಇಲ್ಲ. ಆದ್ರೆ ಒಂದನೇ ಕ್ಲಾಸಿಂದಾನೇ ಇಂಗ್ಲಿಷ್ ಒಂದು ವಿಷಯವಾಗಿ ಇದೆ. ಭಾವನಿಗೆ ನಾನು ಹೇಳಿದ್ದು, ಮೊದಲು ಒಂದು ಭಾಷೇಲಿ ಸರಾಗವಾಗಿ ಓದೋಕೆ ಬರ್ಲಿ, ಓದೋ ರುಚಿ ಹತ್ತಿದ ಮಗುಗೆ ಇನ್ನೊಂದು ಭಾಷೆ ಕಷ್ಟ ಆಗಲ್ಲ ಅಂತ. ಅವರು ಪೂರ್ತಿ ಒಪ್ಲಿಲ್ಲ. ನಾನು ಈಗಲೂ ಅದನ್ನೇ ನಂಬ್ತೀನಿ, ದಿನಾ ರಾತ್ರಿ ಮಗಳ ಜೊತೆ ಕೂತು ಕನ್ನಡ ಕಥೆ ಒಂದು, ಇಂಗ್ಲಿಷ್ ಚಿತ್ರಪುಸ್ತಕ ಒಂದು ಓದ್ತೀನಿ. ಮುಂದೆ ಗಾಳಿಬೀಡು ನವೋದಯಕ್ಕೆ ಆರನೇ ಕ್ಲಾಸಿಗೆ ಪರೀಕ್ಷೆ ಬರೆಸ್ಬೇಕು ಅನ್ನೋ ಆಸೆ ಇರೋರಿಗೂ ಒಂದು ಮಾತು, ಅಲ್ಲಿ ಕಮ್ಮಿ ಅಂದ್ರೂ ನೂರಕ್ಕೆ 75 ಸೀಟು ಗ್ರಾಮೀಣ ಮಕ್ಕಳಿಗೆ, ಅದಕ್ಕೆ ಮೂರು ನಾಲ್ಕು ಐದನೇ ಕ್ಲಾಸ್ ಹಳ್ಳಿ ಶಾಲೇಲೇ ಓದಿರ್ಬೇಕು.

ಖಾಸಗಿ ಶಾಲೆಗಳಲ್ಲೂ ಒಳ್ಳೇ ಟೀಚರ್ಸ್ ಇದಾರೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ನಾವು ಹೋದ ಒಂದು ಕಡೆ ಮಗುಗೆ ಇಂಟರ್‌ವ್ಯೂ ಅಂತ ಮಾಡಿದ್ರು, ಬಣ್ಣಗಳ ಹೆಸರು ಇಂಗ್ಲಿಷಲ್ಲಿ ಹೇಳು ಅಂತ, ಮಗಳು ನನ್ನ ಸೆರಗು ಹಿಡ್ಕೊಂಡು ಸುಮ್ಮನೆ ನಿಂತ್ಲು. ನನಗೆ ತುಂಬಾ ನೋವಾಯ್ತು. ಆರ್‌ಟಿಇ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಸೇರಿಸ್ಕೊಳ್ಳೋಕೆ ಮಗುಗಾಗ್ಲಿ ಅಪ್ಪ ಅಮ್ಮಂಗಾಗ್ಲಿ ಪರೀಕ್ಷೆ ಮಾಡೋ ಹಾಗಿಲ್ಲ, ಡೊನೇಶನ್ನೂ ಕೇಳೋ ಹಾಗಿಲ್ಲ, ಇದು ಎಲ್ಲಾ ಪೋಷಕರಿಗೂ ಗೊತ್ತಿರ್ಬೇಕು. ಖಾಸಗಿಗೆ ಹಾಕೋರು ಯು-ಡೈಸ್ ನಂಬರ್, ಅಂದ್ರೆ ಸರ್ಕಾರದ ದಾಖಲೇಲಿ ಆ ಶಾಲೆಗಿರೋ ನಂಬರ್ ಕೇಳಿ, ಯಾವ ಕ್ಲಾಸ್ ತನಕ, ಯಾವ ಮಾಧ್ಯಮಕ್ಕೆ, ಯಾವ ಸಿಲೆಬಸ್ಸಿಗೆ ಮಾನ್ಯತೆ ಇದೆ ಅಂತ ಕಾಗದ ನೋಡಿ, ಅನುಮಾನ ಇದ್ರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಲ್ಲಿ ವಿಚಾರಿಸಿ.

ಊಟದ ಬಗ್ಗೆ ಜಾಸ್ತಿ ಹೇಳೋಕೆ ಏನಿಲ್ಲ, ಬಿಸಿಯೂಟ ನಾನೇ ತಿಂದು ನೋಡಿದೆ, ಚೆನ್ನಾಗಿತ್ತು, ಬಿಸಿ ಇತ್ತು. ಟಾಯ್ಲೆಟ್ ಮಾತ್ರ ಬಾಗಿಲು ತೆಗೆದು ಒಳಗೆ ಹೋಗಿ ನೋಡಿ, ಒಳಗಿಂದ ಚಿಲಕ ಬೀಳುತ್ತಾ, ನೀರು ಇದ್ಯಾ, ಹೆಣ್ಮಕ್ಕಳಿಗೆ ಬೇರೆ ಇದ್ಯಾ.

ವಯಸ್ಸಿನ ಲೆಕ್ಕ ಮೊದಲೇ ನೋಡ್ಕೊಳ್ಳಿ. 2025-26ರಿಂದ ಜೂನ್ 1ಕ್ಕೆ 6 ವರ್ಷ ತುಂಬಿರ್ಬೇಕು ಅಂತ ನಿಯಮ ಬಂತು, ಆ ಒಂದು ವರ್ಷ ಯುಕೆಜಿ ಮುಗಿಸಿದೋರಿಗೆ 5 ವರ್ಷ 5 ತಿಂಗಳಿಗೆ ಸಡಿಲಿಕೆ ಕೊಟ್ಟಿದ್ರು, ನಿಮ್ಮ ವರ್ಷದ ಸುತ್ತೋಲೆ ಏನಿದೆ ಅಂತ ಶಾಲೇಲೇ ಕೇಳಿ. ಜನನ ಪ್ರಮಾಣಪತ್ರ, ಆಧಾರ್, ಫೋಟೋ ರೆಡಿ ಇಟ್ಕೊಳ್ಳಿ, ಜಾತಿ ಆದಾಯ ಸರ್ಟಿಫಿಕೇಟ್ ಸ್ಕಾಲರ್‌ಶಿಪ್‌ಗೆ ಬೇಕಾಗುತ್ತೆ.

ನಾವು ಊರಿನ ಶಾಲೆಗೇ ಸೇರಿಸಿದ್ವಿ. ಸೇರಿಸಿದ ಮೇಲೆ ನಾನು ಎಸ್‌ಡಿಎಂಸಿಗೂ, ಅಂದ್ರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೂ ಸೇರ್ಕೊಂಡೆ, ಆ ಸಮಿತೀಲಿ ಮುಕ್ಕಾಲು ಪಾಲು ಪೋಷಕರು, ಅರ್ಧ ಹೆಂಗಸರು ಇರ್ಬೇಕು ಅಂತ ಕಾಯ್ದೆಲೇ ಇದೆ, ನಮ್ಮ ಕಡೆ ಹೆಂಗಸರು ಹೆಸರಿಗೆ ಮಾತ್ರ ಇದ್ದು ಸೈನ್ ಹಾಕಿ ಬರೋದು ಜಾಸ್ತಿ, ದಯವಿಟ್ಟು ಹೋಗಿ ಕೂತು ಮಾತಾಡಿ. ಡಿಸೆಂಬರಿಂದ ಫೆಬ್ರವರಿ ತನಕ ಕಾಫಿ ಕುಯ್ಲಲ್ಲಿ ಲೈನ್‌ಮನೆ ಮಕ್ಕಳ ಹಾಜರಿ ಬೀಳುತ್ತೆ, ಸಣ್ಣ ತಮ್ಮ ತಂಗೀರನ್ನ ನೋಡ್ಕೊಳ್ಳೋಕೆ ದೊಡ್ಡ ಮಕ್ಕಳು ಮನೇಲೇ ಉಳಿತಾರೆ, ಅದಕ್ಕೆ ತೋಟದ ಲೆಕ್ಕ ನೋಡೋ ರೈಟರ್ ಹತ್ರ, ಅಂಗನವಾಡಿ ಟೀಚರ್ ಹತ್ರ ಮಾತಾಡಿ ಚಿಕ್ಕವರನ್ನ ಅಂಗನವಾಡೀಲಿ ಬಿಡೋ ಹಾಗೆ ಮಾಡೋಕೆ ನೋಡ್ತಿದೀವಿ. ಇನ್ನೊಂದು, ಕ್ಲಾಸ್‌ರೂಮಿಂದ ಟಾಯ್ಲೆಟ್ ತನಕ ಮೇಲೆ ಶೀಟಿಲ್ಲ, ಜುಲೈ ಮಳೇಲಿ ಸಣ್ಣ ಮಕ್ಕಳು ನೆಂದ್ಕೊಂಡೇ ಹೋಗ್ಬೇಕು, ಎಷ್ಟೋ ಮಕ್ಕಳು ಅದಕ್ಕೇ ನೀರೇ ಕುಡಿಯಲ್ಲ. ಪಂಚಾಯ್ತಿಗೆ ಅರ್ಜಿ ಕೊಟ್ಟಿದೀವಿ, ಈ ಸಲ ಮಳೆ ಹಿಡಿಯೋ ಮೊದಲು ಆಗ್ಲಿಲ್ಲ ಅಂದ್ರೆ ಪೋಷಕರೇ ದುಡ್ಡು ಹಾಕಿ ಶೀಟ್ ಹೊದಿಸೋದು ಅಂತ ಕಳೆದ ಮೀಟಿಂಗಲ್ಲಿ ತೀರ್ಮಾನ ಆಗಿದೆ.