ಬ್ರೌಸರ್ ನಿಧಾನವಾದದ್ದು ಯಾವ ಬದಲಾವಣೆಯಿಂದ? ಪತ್ತೆ ಹಚ್ಚುವ ಬಗೆ

‘ಅಪ್‌ಡೇಟ್ ಆದ ಮೇಲೆ ಫೈರ್‌ಫಾಕ್ಸ್ ನಿಧಾನವಾಗಿದೆ’ ಎಂಬಷ್ಟೇ ದೂರಿನಿಂದ ಡೆವಲಪರ್‌ಗಳಿಗೆ ಹೆಚ್ಚಿನ ಪ್ರಯೋಜನವಿಲ್ಲ. ಯಾವ ದಿನದ ಬಿಲ್ಡ್‌ನಿಂದ (ಆ ದಿನದವರೆಗಿನ ಬದಲಾವಣೆಗಳನ್ನು ಸೇರಿಸಿ ತಯಾರಿಸಿದ ಆವೃತ್ತಿಯಿಂದ) ನಿಧಾನವಾಯಿತು ಎಂಬುದನ್ನು ಸಾಮಾನ್ಯ ಬಳಕೆದಾರರೂ ಕಂಡುಹಿಡಿಯಬಹುದು. ಅದಕ್ಕೆ ಪ್ರೋಗ್ರಾಮಿಂಗ್ ಗೊತ್ತಿರಬೇಕಾಗಿಲ್ಲ.

ಮೊದಲು, ದೋಷ ಬ್ರೌಸರಿನದೇ ಹೌದೇ ಎಂದು ಖಚಿತಪಡಿಸಿಕೊಳ್ಳಿ. ಎಕ್ಸ್‌ಟೆನ್ಶನ್‌ಗಳಿಲ್ಲದ ಹೊಸ ಪ್ರೊಫೈಲ್ (ನಿಮ್ಮ ಹಳೆಯ ಸೆಟ್ಟಿಂಗ್‌ಗಳಿಲ್ಲದ ಖಾಲಿ ಖಾತೆ) ತೆರೆದು, ನಿಧಾನವೆನಿಸಿದ ಪುಟವನ್ನೇ ನೋಡಿ. ಇದಕ್ಕಾಗಿ ಅನೇಕರು ಫೈರ್‌ಫಾಕ್ಸ್‌ನ ದೋಷ ಪತ್ತೆಯ ವಿಧಾನವಾದ ಟ್ರಬಲ್‌ಶೂಟ್ ಮೋಡ್ ಬಳಸುತ್ತಾರೆ, ಆದರೆ ವೇಗ ಅಳೆಯಲು ಅದು ಸಲ್ಲದು: ಅದು ಎಕ್ಸ್‌ಟೆನ್ಶನ್‌ಗಳ ಜೊತೆಗೆ ಹಾರ್ಡ್‌ವೇರ್ ಆಕ್ಸಲರೇಶನ್ (ಗ್ರಾಫಿಕ್ಸ್ ಚಿಪ್‌ನ ನೆರವು) ಮತ್ತು ಪುಟದ ಜಾವಾಸ್ಕ್ರಿಪ್ಟ್ ಕೋಡನ್ನು ವೇಗವಾಗಿ ಓಡಿಸುವ ಜಿಟ್ ಕಂಪೈಲರನ್ನೂ ನಿಲ್ಲಿಸುವುದರಿಂದ ಬ್ರೌಸರ್ ತಾನಾಗಿಯೇ ನಿಧಾನವಾಗುತ್ತದೆ. ಕಾರಣ ಹೊರಗೂ ಇರಬಹುದು. ಫೈರ್‌ಫಾಕ್ಸ್ ಓಡುವಾಗ ವಿಂಡೋಸಿನ ಆಂಟಿವೈರಸ್ ಆದ ಡಿಫೆಂಡರ್ ವಿಪರೀತ ಸಿಪಿಯು ಬಳಸುತ್ತದೆಂದು 2018ರಲ್ಲಿ, ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾದ ದೋಷ ದಾಖಲೆಯ ತಾಣವಾದ ಬಗ್‌ಜಿಲ್ಲಾದಲ್ಲಿ ದಾಖಲಾದ ದೂರಿಗೆ, 2023ರಲ್ಲಿ ಮೈಕ್ರೋಸಾಫ್ಟ್ ಡಿಫೆಂಡರನ್ನೇ ತಿದ್ದಿದ ಮೇಲಷ್ಟೇ ಪರಿಹಾರ ಸಿಕ್ಕಿತು.

ಎರಡನೆಯ ಹೆಜ್ಜೆ ಅಳತೆ; ಹೆಚ್ಚಿನವರು ಎಡವುವುದು ಇಲ್ಲೇ. ಬ್ರೌಸರ್ ಕ್ರ್ಯಾಶ್ ಆಯಿತೇ ಇಲ್ಲವೇ ಎಂಬುದಕ್ಕೆ ಉತ್ತರ ಸ್ಪಷ್ಟ, ಆದರೆ ನಿಧಾನವೆಂಬುದು ಒಮ್ಮೆ ಕಂಡು ಇನ್ನೊಮ್ಮೆ ಕಾಣದೆ ಹೋಗಬಹುದು. ಆದ್ದರಿಂದ ಒಂದೇ ಪುಟ, ಒಂದೇ ಕ್ರಿಯೆಯನ್ನು ಆಯ್ದುಕೊಂಡು, ಲ್ಯಾಪ್‌ಟಾಪನ್ನು ಚಾರ್ಜರ್‌ಗೆ ಜೋಡಿಸಿ, ಬೇರೆ ಪ್ರೋಗ್ರಾಮ್‌ಗಳನ್ನು ಮುಚ್ಚಿ, ಹಳೆಯ ಮತ್ತು ಹೊಸ ಆವೃತ್ತಿಗಳೆರಡರಲ್ಲೂ ಹಲವು ಬಾರಿ ಅಳೆದು ಮಧ್ಯಾಂಕವನ್ನು ತೆಗೆದುಕೊಳ್ಳಿ. ಹಳೆಯದರಲ್ಲಿ ಎರಡು ಸೆಕೆಂಡು, ಹೊಸದರಲ್ಲಿ ಐದು ಸೆಕೆಂಡು ಹಿಡಿದರೆ, ಮೂರೂವರೆ ಸೆಕೆಂಡಿಗಿಂತ ಹೆಚ್ಚಾದದ್ದೆಲ್ಲ ‘ಬ್ಯಾಡ್’ ಎಂದು ಮೊದಲೇ ನಿಶ್ಚಯಿಸಿ. ಮುಂದಿನ ಹೆಜ್ಜೆಯ ಸಾಧನ ಪ್ರತಿ ಬಿಲ್ಡ್‌ಗೂ ಇದನ್ನೇ ಕೇಳುತ್ತದೆ; ಒಂದು ತಪ್ಪು ಉತ್ತರ ಕೊಟ್ಟರೂ ಹುಡುಕಾಟ ನಿರಪರಾಧಿ ಬದಲಾವಣೆಯ ಬಾಗಿಲಿಗೆ ಹೋಗಿ ನಿಲ್ಲುತ್ತದೆ.

ಈಗ ಮೊಜ್‌ರಿಗ್ರೆಶನ್ ಎಂಬ ಉಚಿತ ಸಾಧನವನ್ನು ಹಾಕಿಕೊಳ್ಳಿ. ಕಮಾಂಡ್ ಲೈನ್ ಒಗ್ಗದವರಿಗೆ ಅದರ ಕಿಟಕಿ ರೂಪವೂ ಇದೆ. ಚೆನ್ನಾಗಿದ್ದ ದಿನಾಂಕ ಮತ್ತು ಕೆಟ್ಟ ದಿನಾಂಕವನ್ನು ಕೊಟ್ಟರೆ, ಅದು ನಡುವಿನ ದಿನದ ನೈಟ್ಲಿ ಬಿಲ್ಡನ್ನು (ದಿನವೂ ತಯಾರಾಗುವ ಪರೀಕ್ಷಾ ಆವೃತ್ತಿಯನ್ನು) ಇಳಿಸಿ ಹೊಸ ಪ್ರೊಫೈಲ್‌ನಲ್ಲಿ ತೆರೆದು ‘ಗುಡ್’ ಅಥವಾ ‘ಬ್ಯಾಡ್’ ಎಂದು ಕೇಳುತ್ತದೆ. ಪ್ರತಿ ಉತ್ತರಕ್ಕೂ ವ್ಯಾಪ್ತಿ ಅರ್ಧಕ್ಕಿಳಿಯುವುದರಿಂದ ನೂರು ದಿನಗಳ ಅಂತರವನ್ನು ಸುಮಾರು ಏಳು ಪರೀಕ್ಷೆಗಳಲ್ಲಿ ಒಂದು ದಿನಕ್ಕೆ ಇಳಿಸಬಹುದು. ಬಿಲ್ಡ್ ತೆರೆಯದಿದ್ದರೆ ಊಹಿಸಿ ಉತ್ತರಿಸದೆ ‘ಸ್ಕಿಪ್’ ಎನ್ನಿ. ದಿನ ಸಿಕ್ಕ ಬಳಿಕ ಸಾಧನವು ಆ ದಿನ ಸೇರಿದ ಬದಲಾವಣೆಗಳ ಬಿಲ್ಡ್‌ಗಳನ್ನೂ ಇದೇ ರೀತಿ ಪರೀಕ್ಷೆಗೆ ಕೊಡುತ್ತದೆ. ರಿಗ್ರೆಶನ್ (ಬದಲಾವಣೆಯಿಂದಾದ ಹಿನ್ನಡೆ) ತೀರಾ ಹಳೆಯದಾದರೆ ಆ ಬಿಲ್ಡ್‌ಗಳು ಉಳಿದಿರದೆ, ಹುಡುಕಾಟ ದಿನದ ಮಟ್ಟದಲ್ಲೇ ನಿಲ್ಲಬಹುದು. ಕ್ರೋಮ್ ಬ್ರೌಸರಿನ ಮೂಲವಾದ ಕ್ರೋಮಿಯಂಗೂ ಇಂಥದೇ ಬೈಸೆಕ್ಟ್ (ಅರ್ಧಿಸುತ್ತ ಹುಡುಕುವ) ಸ್ಕ್ರಿಪ್ಟ್ ಇದೆ.

ಕೊನೆಗೆ, ಬ್ರೌಸರ್ ಯಾವ ಕೆಲಸಕ್ಕೆ ಎಷ್ಟು ಸಮಯ ಕಳೆಯಿತೆಂದು ತೋರಿಸುವ ಫೈರ್‌ಫಾಕ್ಸ್ ಪ್ರೊಫೈಲರ್‌ನಲ್ಲಿ ಒಳ್ಳೆಯ ಮತ್ತು ಕೆಟ್ಟ ಬಿಲ್ಡ್‌ಗಳಲ್ಲಿ ಅದೇ ಕ್ರಿಯೆಯನ್ನು ದಾಖಲಿಸಿ. ಅದರಲ್ಲಿನ ಕಾಲ್ ಟ್ರೀಯನ್ನು (ಯಾವ ಫಂಕ್ಷನ್ ಯಾವುದನ್ನು ಕರೆಯಿತೆಂಬ ಪಟ್ಟಿಯನ್ನು) ತಲೆಕೆಳಗು ಮಾಡಿದರೆ ಸಮಯ ನುಂಗುತ್ತಿರುವ ಫಂಕ್ಷನ್, ಅಂದರೆ ಕೋಡಿನ ತುಣುಕು, ಮೇಲಕ್ಕೆ ಬರುತ್ತದೆ. ದಾಖಲೆಯಲ್ಲಿ ನೀವು ತೆರೆದ ಪುಟಗಳ ವಿಳಾಸಗಳೂ ಇರಬಹುದಾದ್ದರಿಂದ, ಅಪ್‌ಲೋಡ್ ಮಾಡುವ ಮುನ್ನ ಅವುಗಳನ್ನು ಕೈಬಿಡುವ ಆಯ್ಕೆಯನ್ನು ಗಮನಿಸಿ. ಈ ಎರಡು ದಾಖಲೆಗಳ ಕೊಂಡಿ, ಅಳತೆಯ ಅಂಕಿಗಳು ಮತ್ತು ಮೊಜ್‌ರಿಗ್ರೆಶನ್ ತೋರಿಸಿದ ವ್ಯಾಪ್ತಿಯನ್ನು ಬಗ್‌ಜಿಲ್ಲಾದಲ್ಲಿ ಸಲ್ಲಿಸಿ. ಕಾರಣವಾದ ಬದಲಾವಣೆಯ ಬಗ್ ಸಂಖ್ಯೆ ‘ರಿಗ್ರೆಸ್ಡ್ ಬೈ’ ಎಂಬ ಅಂಕಣಕ್ಕೆ ಬಿದ್ದರೆ, ಆ ಬದಲಾವಣೆ ಬರೆದವರನ್ನೇ ನೇರವಾಗಿ ವಿಚಾರಿಸಲು ಸಾಧ್ಯವಾಗುತ್ತದೆ.