ಲ್ಯಾಪ್‌ಟಾಪ್‌ನಿಂದ ರೈತರಿಗೆ ಮೆಸೇಜ್ ಹೋಯಿತು, ಆಮೇಲೆ ಸೆಟ್ಟಿಂಗ್ಸ್ ಸರಿ ಮಾಡಿದೆ

ಕೋಲಾರ ಎಪಿಎಂಸಿಯ ಒಂದು ಟೊಮ್ಯಾಟೊ ಮಂಡಿಗೆ ಜಾಂಗೋದಲ್ಲಿ (ಪೈಥಾನ್ ಭಾಷೆಯಲ್ಲಿ ವೆಬ್‌ಸೈಟ್ ಕಟ್ಟುವ ಚೌಕಟ್ಟು) ಬಿಲ್ಲಿಂಗ್ ಸೈಟ್ ಮಾಡಿಕೊಟ್ಟಿದ್ದೇನೆ. ಹರಾಜು ಮುಗಿದ ತಕ್ಷಣ 15 ಕೆಜಿ ಬಾಕ್ಸ್‌ಗೆ ಎಷ್ಟು ರೇಟ್ ಬಿತ್ತು ಅಂತ ರೈತರಿಗೆ ಮೆಸೇಜ್ ಹೋಗುತ್ತದೆ. ಮೂರು ಸೀಸನ್ ಹಿಂದೆ, ಜುಲೈನಲ್ಲಿ, ಮನೆಯಲ್ಲಿ ಕೂತು ರೇಟ್ 1 ರೂಪಾಯಿ ಅಂತ ಹಾಕಿ ಟೆಸ್ಟ್ ಮಾಡುತ್ತಿದ್ದೆ. ಅದು ಸುಮಾರು 400 ರೈತರ ಫೋನಿಗೆ ನಿಜವಾಗಿ ಹೋಯಿತು. ಯಾಕೆಂದರೆ ಹಿಂದಿನ ರಾತ್ರಿ ಸರ್ವರ್‌ನ ಡಾಟ್ ಎನ್ವ್ ಫೈಲನ್ನೇ, ಅಂದರೆ ಪಾಸ್‌ವರ್ಡ್, ಕೀಗಳಂಥ ಸೆಟ್ಟಿಂಗ್ಸ್ ಇರುವ ಫೈಲನ್ನೇ, ಲ್ಯಾಪ್‌ಟಾಪ್‌ಗೆ ಕಾಪಿ ಮಾಡಿಕೊಂಡಿದ್ದೆ.

ಮುಳಬಾಗಿಲು, ಶ್ರೀನಿವಾಸಪುರ ಕಡೆಯಿಂದ ಮಂಡಿಗೆ ಫೋನ್ ಮೇಲೆ ಫೋನ್. "ಏನಣ್ಣಾ, ಬಾಕ್ಸ್‌ಗೆ ಒಂದೇ ರೂಪಾಯಿನಾ?" ಮಾಲೀಕರು ಆ ತಿಂಗಳ ನನ್ನ 6 ಸಾವಿರ ಹಿಡಿದುಕೊಂಡರು. ದುಡ್ಡಿಗಿಂತ, ತೋಟದಲ್ಲಿ ನಿಂತು ಆ ಮೆಸೇಜ್ ಓದಿದವರನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಮೊದಲು ಎಲ್ಲ ಸೆಟ್ಟಿಂಗ್ಸ್ ಡೇಟಾಬೇಸ್‌ಗೆ ಹಾಕಿದೆ. ಮೂರು ವಾರದ ಕೆಲಸ, ಪೂರ್ತಿ ದಂಡ. ಡೇಟಾಬೇಸ್ ಪಾಸ್‌ವರ್ಡ್ ಹೇಗೂ ಹೊರಗೇ ಇರಬೇಕು, ಅಲ್ವಾ? ಅದಕ್ಕಿಂತ ಕೆಟ್ಟದ್ದು, ಒಂದು ಬಗ್ ಹುಡುಕಲು ಸರ್ವರ್‌ನ ಡೇಟಾಬೇಸ್ ಡಂಪ್ (ಪೂರ್ತಿ ನಕಲು) ತಂದು ರಿಸ್ಟೋರ್ ಮಾಡಿದಾಗ ಲೈವ್ ಕೀಗಳೂ ಜೊತೆಗೇ ಬಂದವು. ಕಣ್ಣಿಗೆ ಬಿತ್ತು, ಉಳಿದುಕೊಂಡೆ. ಆಮೇಲೆ ಮತ್ತೆ ಡಾಟ್ ಎನ್ವ್‌ಗೆ ಬಂದೆ, ಆಗ ಡೀಬಗ್, ಅಂದರೆ ಎರರ್ ಬಂದಾಗ ಒಳಗಿನ ವಿವರ ತೋರಿಸುವ ಸೆಟ್ಟಿಂಗ್, ಕೈಕೊಟ್ಟಿತು. ಫೈಲಿನಲ್ಲಿ 'ಫಾಲ್ಸ್' ಅಂತ ಬರೆದರೂ ಅದು ಬರೀ ಅಕ್ಷರ, ಹೌದು-ಅಲ್ಲ ಹೇಳುವ ಪೈಥಾನ್‌ನ ಬೂಲ್‌ಗೆ ಕೊಟ್ಟರೆ ಖಾಲಿಯಲ್ಲದ ಯಾವ ಅಕ್ಷರವೂ ಟ್ರೂ. ಎರಡು ದಿನ ಲೈವ್ ಸೈಟಿನಲ್ಲಿ ಎರರ್ ಬಂದಾಗಲೆಲ್ಲ ಒಳಗಿನ ಕೋಡ್ ಹೊರಗಿನವರಿಗೆ ಕಾಣುತ್ತಿತ್ತು.

ಈಗ ಮಾಡಿರುವುದು ಹೀಗೆ. ಕೋಡ್ ಇಡುವ ಗಿಟ್‌ನಲ್ಲಿ ಸೆಟ್ಟಿಂಗ್‌ಗಳ ಹೆಸರು ಮಾತ್ರ ಇರುವ ಒಂದು ಮಾದರಿ ಫೈಲ್. ಆ ಹೆಸರುಗಳಿಗೆ ನಿಜವಾದ ವ್ಯಾಲ್ಯೂಗಳು ಸರ್ವರ್‌ನ ಇಟಿಸಿ ಫೋಲ್ಡರ್‌ನಲ್ಲಿ, ರೂಟ್ ಹೆಸರಲ್ಲಿ, 600 ಪರ್ಮಿಷನ್‌ನಲ್ಲಿ, ಅಂದರೆ ರೂಟ್ ಬಿಟ್ಟು ಬೇರೆ ಬಳಕೆದಾರರು ಓದುವಂತಿಲ್ಲ. ಸರ್ವರ್‌ನಲ್ಲಿ ಸೈಟನ್ನು ಶುರು ಮಾಡುವ ಸಿಸ್ಟಮ್‌ಡಿ ಅದನ್ನು ಓದಿ ಸೈಟ್‌ಗೆ ಕೊಡುತ್ತದೆ. ಕೈಯಿಂದ ಮೈಗ್ರೇಟ್ (ಡೇಟಾಬೇಸ್ ಟೇಬಲ್ ಬದಲಿಸುವ ಜಾಂಗೋ ಕಮಾಂಡ್) ಓಡಿಸಿದರೆ ಅವು ಸಿಗುವುದಿಲ್ಲ, ಅದಕ್ಕೆ ಬೇರೆ ಚಿಕ್ಕ ಸ್ಕ್ರಿಪ್ಟ್ ಬೇಕು. ಕೋಡ್‌ನಲ್ಲಿ ಡಿಫಾಲ್ಟ್ ವ್ಯಾಲ್ಯೂ ಒಂದೂ ಇಲ್ಲ, ಒಂದು ಹೆಸರು ಕಡಿಮೆಯಾದರೂ ಸೈಟ್ ಏಳುವುದೇ ಇಲ್ಲ. ಹೊಸ ಕೋಡನ್ನು ಸರ್ವರ್‌ಗೆ ಹಾಕುವ ಮುಂಚೆ ಮಾದರಿ ಫೈಲಿಗೂ ಸರ್ವರ್ ಫೈಲಿಗೂ ಹೆಸರು ಒಂದು ಸ್ಕ್ರಿಪ್ಟ್‌ನಿಂದ ತಾಳೆ ನೋಡುತ್ತೇನೆ. ಲ್ಯಾಪ್‌ಟಾಪ್‌ನಲ್ಲಿ 'ಲೈವ್' ಅಂತ ಇರುವ ರೇಜರ್‌ಪೇ (ಆನ್‌ಲೈನ್ ಪೇಮೆಂಟ್ ಸೇವೆ) ಕೀ ಕಂಡರೆ ಸೈಟ್ ಅಲ್ಲೇ ನಿಲ್ಲುತ್ತದೆ. ಅಲ್ಲಿಂದ ಮೆಸೇಜ್ ಹೋದರೂ ನನ್ನ ನಂಬರ್‌ಗೆ ಮಾತ್ರ. ಆದರೆ ಫೈಲ್ ಕಾಪಿಯಾದರೆ 'ಇದು ಪ್ರೊಡಕ್ಷನ್' (ಲೈವ್ ಸರ್ವರ್) ಅನ್ನುವ ಸಾಲೂ ಕಾಪಿಯಾಗುತ್ತದೆ, ಹಾಗಾಗಿ ಆ ಸಾಲನ್ನು ನಂಬುವಂತಿಲ್ಲ. ಇದು ನಿಜವಾಗಿ ಸರ್ವರ್ ಹೌದೋ ಅಲ್ಲವೋ ಅಂತ ಬೇರೆ ದಾರಿಯಲ್ಲಿ ನೋಡಿಕೊಳ್ಳುತ್ತೇನೆ. ಆ ದಾರಿ ಯಾವುದು ಅನ್ನುವುದು ನನ್ನಲ್ಲೇ ಇರಲಿ.

ಬೆಂಗಳೂರಿನ ಗೆಳೆಯ, "ಒಬ್ಬನೇ ಕೆಲಸ ಮಾಡೋನಿಗೆ ಇಷ್ಟೆಲ್ಲ ಯಾಕೋ, ತಿಂಗಳಿಗೆ ದುಡ್ಡು ಕಟ್ಟಿ ಯಾವುದಾದ್ರೂ ಸರ್ವಿಸ್ ತಗೋ" ಅಂದಿದ್ದ. ನನ್ನ ಸರ್ವರ್ ಬಾಡಿಗೆಯೇ ಎಂಟುನೂರು ಚಿಲ್ಲರೆ, ಇದಕ್ಕೆ ಜಾಸ್ತಿ ಒಂದು ಪೈಸೆ ಬಿದ್ದಿಲ್ಲ. ಎರಡು ಸೀಸನ್ ಒಂದು ಮೆಸೇಜೂ ತಪ್ಪಿ ಹೋಗಿಲ್ಲ. ಹೋದ ವರ್ಷ ಹೊಸ ಸರ್ವರ್‌ಗೆ ಹೋಗಿದ್ದು 40 ನಿಮಿಷದಲ್ಲಿ. ಗೆಳೆಯ ಈಗ ನನ್ನ ತಾಳೆ ಸ್ಕ್ರಿಪ್ಟ್ ಕೇಳಿ ತರಿಸಿಕೊಂಡಿದ್ದಾನೆ.

ಮಧ್ಯೆ ಸಾಪ್ಸ್ ಮತ್ತು ಏಜ್ ಅನ್ನುವ ಎನ್‌ಕ್ರಿಪ್ಷನ್ ಟೂಲ್‌ಗಳನ್ನು ಬಳಸಿ ಫೈಲನ್ನು ಎನ್‌ಕ್ರಿಪ್ಟ್ ಮಾಡಿ ಗಿಟ್‌ನಲ್ಲೇ ಇಡುವುದನ್ನೂ ನೋಡಿದೆ. ಚೆನ್ನಾಗಿದೆ, ಇಬ್ಬರು ಮೂವರು ಇದ್ದರೆ ಅದೇ ಸರಿ. ಇನ್ನೊಂದು, ಲೈವ್ ಅಡ್ಮಿನ್ ಪುಟದ ಮೇಲೆ ಕೆಂಪು ಪಟ್ಟಿ, ಲ್ಯಾಪ್‌ಟಾಪ್‌ನಲ್ಲಿ ಹಸಿರು. ಹತ್ತು ನಿಮಿಷದ ಕೆಲಸ, ಇವತ್ತೇ ಹಾಕಿಕೊಳ್ಳಿ. ಮೇ ಮುಗಿಯುವುದರೊಳಗೆ ಪಕ್ಕದ ಮಂಡಿಗೂ ಇದೇ ಕೂರಿಸಬೇಕು, ಜೂನ್‌ನಲ್ಲಿ ಟೊಮ್ಯಾಟೊ ಲೋಡ್ ಬರಲು ಶುರುವಾದರೆ ಯಾರಿಗೂ ಪುರುಸೊತ್ತಿರಲ್ಲ.